ಪೆನ್‌ಡ್ರೈವ್: ಸೇರುವುದು ತಾನಾಗಿ, ಬಿಡಿಸುವುದು ನಾವಾಗಿ

ಅಜ್ಜಂಪುರದ ಶಾಲೆಯೊಂದರಲ್ಲಿ ಪ್ರಶ್ನೆಪತ್ರಿಕೆ ಸಿದ್ಧಪಡಿಸಿ, ಪೆನ್‌ಡ್ರೈವ್‌ಗೆ ನಕಲಿಸಿಕೊಂಡು, ಬಸ್ಸು ಹಿಡಿದು ತರೀಕೆರೆಯ ಜೆರಾಕ್ಸ್ ಅಂಗಡಿಗೆ ಬಂದಿದ್ದೀರಿ ಎಂದುಕೊಳ್ಳಿ. ಅಲ್ಲಿ ಕಡತದ ಹೆಸರೇನೋ ಕಾಣುತ್ತದೆ. ತೆರೆದರೆ ಒಳಗೆ ಏನೂ ಇಲ್ಲ. ಪೆನ್‌ಡ್ರೈವ್ ಕೆಟ್ಟಿದೆ ಎಂದು ಬಯ್ಯುವ ಮೊದಲು ಅದು ಕಂಪ್ಯೂಟರಿಗೆ ಹೇಗೆ ಸೇರುತ್ತದೆ ಎಂಬುದನ್ನು ಸ್ವಲ್ಪ ನೋಡೋಣ.

ಉಬುಂಟುವಿನಂಥ ಮುಕ್ತ ತಂತ್ರಾಂಶಗಳಲ್ಲಿ (ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳು ಬಳಸುವುದು ಇಂಥದನ್ನೇ) ವಿಂಡೋಸ್‌ನಲ್ಲಿರುವಂತೆ ಸಿ, ಡಿ, ಇ ಎಂಬ ಡ್ರೈವ್‌ಗಳಿರುವುದಿಲ್ಲ. ‘ರೂಟ್’ ಎಂಬ ಒಂದೇ ಬೇರಿನಿಂದ ಕವಲೊಡೆದ ಕಡತಗಳ ಮರ ಮಾತ್ರ ಇರುತ್ತದೆ. ಹೊರಗಿನಿಂದ ಬಂದ ಸಾಧನವನ್ನು ಈ ಮರದ ಯಾವುದಾದರೊಂದು ಫೋಲ್ಡರಿಗೆ ಜೋಡಿಸಬೇಕು. ಇದೇ ‘ಮೌಂಟ್’ ಮಾಡುವುದು. ನಮ್ಮ ರೈಲುದಾರಿಯನ್ನೇ ನೋಡಿ. ಬೀರೂರಿನಲ್ಲಿ ಒಂದು ಕವಲು ಅಜ್ಜಂಪುರದತ್ತ, ಇನ್ನೊಂದು ತರೀಕೆರೆಯತ್ತ ಹೋಗುತ್ತದೆ. ಕಡೂರು ಬಹುಕಾಲ ದಾರಿಯ ಮೇಲಿನ ನಿಲ್ದಾಣವಷ್ಟೇ ಆಗಿತ್ತು. 2013ರಲ್ಲಿ ಚಿಕ್ಕಮಗಳೂರಿನ ಹಳಿ ಬಂದು ಸೇರಿದ ಮೇಲೆ ಅದೇ ನಿಲ್ದಾಣ ಇನ್ನೊಂದು ದಾರಿಗೆ ಬಾಗಿಲಾಯಿತು. ಮೌಂಟ್ ಆದ ಫೋಲ್ಡರಿನ ಕಥೆಯೂ ಇಷ್ಟೇ.

ಹಿಂದೆ ಈ ಕೆಲಸಕ್ಕೆ ಆದೇಶವನ್ನು ಬೆರಳಚ್ಚಿಸಬೇಕಿತ್ತು. ಈಗ ಪೆನ್‌ಡ್ರೈವ್ ಸಿಕ್ಕಿಸಿದೊಡನೆ ಕರ್ನೆಲ್ ಅದನ್ನು ಗುರುತಿಸುತ್ತದೆ. ‘ಯೂಡೆವ್’ ಅದರ ಹೆಸರು, ಬಗೆಗಳನ್ನು ದಾಖಲಿಸುತ್ತದೆ. ‘ಯೂಡಿಸ್ಕ್ಸ್’ ಎಂಬ ಸೇವೆ ‘ಮೀಡಿಯಾ’ ಫೋಲ್ಡರಿನೊಳಗೆ ಅದನ್ನು ಮೌಂಟ್ ಮಾಡುತ್ತದೆ. ಮೌಂಟ್ ಆಗುವುದೆಂದರೆ ಒಳಗಿನ ಪ್ರೋಗ್ರಾಂ ತಾನಾಗಿ ಓಡುವುದು ಎಂದರ್ಥವಲ್ಲ. ವಿಂಡೋಸ್‌ನ ‘ಆಟೋರನ್’ ಸೌಲಭ್ಯದಲ್ಲಿ ಹಾಗೆ ಓಡಲು ಅವಕಾಶವಿತ್ತು. 2008ರಲ್ಲಿ ಕಾಣಿಸಿಕೊಂಡ ‘ಕಾನ್‌ಫಿಕರ್’ ಹುಳು ಅದನ್ನೂ ಬಳಸಿಕೊಂಡು ಹರಡಿತು.

ಇನ್ನು ಖಾಲಿ ಕಡತದ ವಿಷಯ. ಪೆನ್‌ಡ್ರೈವ್‌ಗೆ ಬರೆಯುವುದು ನಿಧಾನದ ಕೆಲಸ; ಕಂಪ್ಯೂಟರಿನ ಸ್ಮೃತಿ ಬಲು ವೇಗದ್ದು. ಆದ್ದರಿಂದ ಕರ್ನೆಲ್ ಮಾಹಿತಿಯನ್ನು ಮೊದಲು ಸ್ಮೃತಿಯಲ್ಲಿ ಇಟ್ಟುಕೊಂಡು, ‘ನಕಲು ಮುಗಿಯಿತು’ ಎನ್ನುತ್ತದೆ. ನಿಜವಾದ ಬರವಣಿಗೆ ಆಮೇಲೆ. ಲಿನಕ್ಸ್‌ನ ಸಾಮಾನ್ಯ ಏರ್ಪಾಡಿನಲ್ಲಿ ಹೀಗೆ ಕಾದಿರುವ ಮಾಹಿತಿ ಸುಮಾರು 30 ಸೆಕೆಂಡು ಹಳೆಯದಾದ ಮೇಲೆ ಬರವಣಿಗೆಯ ಸರದಿಗೆ ಬರುತ್ತದೆ. ಅನೇಕ ಪೆನ್‌ಡ್ರೈವ್‌ಗಳಲ್ಲಿರುವ ‘ಫ್ಯಾಟ್’ ವ್ಯವಸ್ಥೆಗೆ ಇದನ್ನು ಬೇಗ ಮುಗಿಸುವ ಆಯ್ಕೆಯೊಂದಿದೆ, ಆದರೂ ತಕ್ಷಣವೇ ಮುಗಿಯುವುದೆಂಬ ಖಾತ್ರಿಯಿಲ್ಲ. ‘ಫ್ಯಾಟ್’ನಲ್ಲಿ ಕಡತದ ಹೆಸರು ಒಂದು ಕಡೆ, ಅದರ ತುಣುಕುಗಳ ಲೆಕ್ಕ ಇನ್ನೊಂದು ಕಡೆ, ತಿರುಳು ಮತ್ತೊಂದು ಕಡೆ ಇರುತ್ತವೆ. ನಡುವೆ ಕಿತ್ತರೆ ಹೆಸರು ಮಾತ್ರ ಉಳಿಯಬಹುದು! ಯುಪಿಎಸ್ ಇಲ್ಲದ ಕಂಪ್ಯೂಟರಿನಲ್ಲಿ ಕರೆಂಟು ಹೋದರೂ ಇದೇ ಗತಿ.

ಫೈಲ್ ಮ್ಯಾನೇಜರಿನಲ್ಲಿ ಪೆನ್‌ಡ್ರೈವ್ ಹೆಸರಿನ ಪಕ್ಕದ ಬಾಣದ ಗುರುತನ್ನು ಒತ್ತಿದರೆ ಬಾಕಿ ಬರವಣಿಗೆಯೆಲ್ಲ ಮುಗಿದು ಜೋಡಣೆ ಬಿಟ್ಟುಕೊಳ್ಳುತ್ತದೆ. ಅನಂತರವೇ ಕೀಳಿ. ಟರ್ಮಿನಲ್ ಬಳಸುವ ವಿದ್ಯಾರ್ಥಿಗಳು ‘ಸಿಂಕ್’ ಆದೇಶದಿಂದ ಬಾಕಿಯನ್ನು ಬರೆಸಿ, ‘ಯುಮೌಂಟ್’ ಆದೇಶದಿಂದ ಬಿಡಿಸಬಹುದು. ಈ ಎರಡನೆಯ ಆದೇಶದ ಇಂಗ್ಲಿಷ್ ಕಾಗುಣಿತದಲ್ಲಿ ‘ಯು’ ಆದ ಮೇಲೆ ‘ಎನ್’ ಇಲ್ಲ. ಹೊಸಬರು ಎಡವುವುದು ಇಲ್ಲೇ. ‘ಸಾಧನ ಬಳಕೆಯಲ್ಲಿದೆ’ ಎಂಬ ಸಂದೇಶ ಬಂದರೆ ಅದರೊಳಗಿನ ಕಡತವೊಂದು ಇನ್ನೂ ತೆರೆದಿದೆ, ಇಲ್ಲವೇ ನಿಮ್ಮ ಟರ್ಮಿನಲ್ ಆ ಫೋಲ್ಡರಿನಲ್ಲೇ ನಿಂತಿದೆ.