ನೌಕರಿಯ ನಡುವೆ ಯುಎಕ್ಸ್ ಕಲಿಕೆ

ಆ್ಯಪ್, ಜಾಲತಾಣ ಅಥವಾ ಸೇವೆಯೊಂದನ್ನು ಬಳಸುವವರ ಕೆಲಸ ಎಷ್ಟು ಸಲೀಸಾಗಿ ಮುಗಿಯುತ್ತದೆ, ಅವರು ಎಲ್ಲಿ ತಡವರಿಸುತ್ತಾರೆ ಎಂಬುದನ್ನು ಅರಿತು, ಅದಕ್ಕೆ ತಕ್ಕಂತೆ ಅದನ್ನು ರೂಪಿಸುವ ವಿದ್ಯೆಗೆ ಬಳಕೆದಾರರ ಅನುಭವ ವಿನ್ಯಾಸ, ವೃತ್ತಿಯವರ ಮಾತಿನಲ್ಲಿ ಯುಎಕ್ಸ್, ಎಂದು ಹೆಸರು. 1993ರಲ್ಲಿ ಆ್ಯಪಲ್ ಕಂಪನಿ ಸೇರಿದ ಡಾನ್ ನಾರ್ಮನ್ ಈ ಹೆಸರನ್ನು ಚಲಾವಣೆಗೆ ತಂದರು. ಕರ್ನಾಟಕದಲ್ಲಿ ಇದನ್ನು ತರಗತಿಯಲ್ಲಿ ಕುಳಿತು ಕಲಿಯಬೇಕೆಂದರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಕೇಂದ್ರದಂಥ ಕಡೆ ಸಾಮಾನ್ಯವಾಗಿ ಪೂರ್ಣಾವಧಿ ಕೋರ್ಸಿಗೆ ಸೇರಬೇಕು. ಗದಗಿನ ಬ್ಯಾಂಕ್ ನೌಕರರಿಗೋ, ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ದುಡಿಯುವವರಿಗೋ ಅದು ಆಗದ ಮಾತಾದ್ದರಿಂದ, ಅವರಿಗೆ ಉಳಿಯುವುದು ಆನ್‌ಲೈನ್ ಕೋರ್ಸ್.

ಅಂಥ ಕೋರ್ಸಿಗೆ ನಮ್ಮಲ್ಲಿ ಪರಿಚಿತ ಮಾದರಿಯೆಂದರೆ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್. ವಾರವಾರ ವಿಡಿಯೊ ಪಾಠ ಮತ್ತು ಅಸೈನ್‌ಮೆಂಟ್, ಕೊನೆಗೆ ಮೇಲ್ವಿಚಾರಣೆಯ ಪರೀಕ್ಷೆ, ಅಸೈನ್‌ಮೆಂಟಿಗೆ 25 ಮತ್ತು ಪರೀಕ್ಷೆಗೆ 75 ಅಂಕ ಎಂಬುದು ಅಲ್ಲಿನ ರೂಢಿ. ಉತ್ತರ ಒಂದೇ ಇರುವ ವಿಷಯಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ಯುಎಕ್ಸ್‌ನಲ್ಲಿ ಒಂದೇ ತೊಡಕಿಗೆ ನಾಲ್ಕು ಪರಿಹಾರಗಳು ಸಾಧ್ಯವಿದ್ದು, ಯಾವುದನ್ನು ಏಕೆ ಆರಿಸಲಾಯಿತು ಎಂಬ ವಿವೇಚನೆಯೇ ಕಲಿಕೆಯ ತಿರುಳಾಗಿರುವುದರಿಂದ, ಇಂಥ ಪರೀಕ್ಷೆಯ ಬಹುಆಯ್ಕೆಯ ಪ್ರಶ್ನೆಗಳು ಪಾರಿಭಾಷಿಕ ಪದಗಳ ನೆನಪನ್ನಷ್ಟೇ ಅಳೆದಾವು.

ಕೋರ್ಸಿಗೆ ಸೇರಿದವರೆಲ್ಲ ಅದನ್ನು ಮುಗಿಸುವುದೂ ಇಲ್ಲ. ಹಾರ್ವರ್ಡ್ ಮತ್ತು ಎಂಐಟಿಯ ಮುಕ್ತ ಆನ್‌ಲೈನ್ ಕೋರ್ಸುಗಳಿಗೆ 2017–18ರಲ್ಲಿ ಸೇರಿದವರಲ್ಲಿ ಪೂರ್ಣಗೊಳಿಸಿದವರು ಶೇ. 3ರ ಆಸುಪಾಸಿನಲ್ಲಿದ್ದರೆ, ಪ್ರಮಾಣಪತ್ರಕ್ಕೆ ಹಣ ಕಟ್ಟಿದವರಲ್ಲಿ ಶೇ. 46ರಷ್ಟು ಮಂದಿ ಕೊನೆ ಮುಟ್ಟಿದ್ದರು. ಹಗಲಿಡೀ ದುಡಿದು, ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆಯುವವರಿಗೆ ಎರಡು ತಾಸಿನ ಉಪನ್ಯಾಸಕ್ಕಿಂತ ಹತ್ತು ಹದಿನೈದು ನಿಮಿಷಗಳ ತುಣುಕುಗಳು ಹೊಂದುತ್ತವೆ. ಉಳಿದ ಹೊತ್ತನ್ನು ಕ್ಷೇತ್ರಕಾರ್ಯಕ್ಕೆ, ಅಂದರೆ ಬಳಸುವವರ ಪಕ್ಕದಲ್ಲಿ ನಿಂತು ಸುಮ್ಮನೆ ನೋಡುವ ಕೆಲಸಕ್ಕೆ, ಮೀಸಲಿಡುವುದು ಲೇಸು.

ಇಂಥ ನೋಟಕ್ಕೆ ಗದಗ ಬಳಿಯ ಬಿಂಕದಕಟ್ಟಿಯಂಥ ಊರುಗಳೇ ಒಳ್ಳೆಯ ಪಾಠಶಾಲೆ. ಸರ್ಕಾರಿ ಸೇವಾ ಕೇಂದ್ರದ ಆಪರೇಟರ್ ವೃದ್ಧೆಯೊಬ್ಬರ ಆಧಾರ್ ಸಂಖ್ಯೆ ಹಾಕಿ ಒಟಿಪಿ ಕೇಳಿದಾಗ, ಆಧಾರ್‌ಗೆ ಜೋಡಿಸಿದ ಮೊಬೈಲ್ ಹುಬ್ಬಳ್ಳಿಯಲ್ಲಿ ದುಡಿಯುವ ಮಗನ ಜೇಬಿನಲ್ಲಿದ್ದರೆ, ಅವನು ಕರೆ ಸ್ವೀಕರಿಸಿ ಅಂಕಿಗಳನ್ನು ಓದಿ ಹೇಳುವಷ್ಟರಲ್ಲಿ ಅವಧಿ ಮುಗಿದು, ತುಂಬಿದ ವಿವರಗಳೆಲ್ಲ ಅಳಿಸಿಹೋಗಬಹುದು. ವಿನ್ಯಾಸಕರ ಲೆಕ್ಕದಲ್ಲಿ ಆಳಿಗೊಂದು ಮೊಬೈಲ್, ಊರಿನ ಲೆಕ್ಕದಲ್ಲಿ ಮನೆಗೊಂದು. ಬಣ್ಣವನ್ನೋ ಬಟನ್ನಿನ ಆಕಾರವನ್ನೋ ತಿದ್ದಿದರೆ ಈ ತೊಡಕು ಹೋಗದು. ಅವಧಿಯನ್ನು ಹಿಗ್ಗಿಸಬೇಕು, ತುಂಬಿದ್ದನ್ನು ಉಳಿಸಿಕೊಡಬೇಕು. ಇದನ್ನು ಕಂಡುಕೊಳ್ಳಲು ದೊಡ್ಡ ಸಮೀಕ್ಷೆ ಬೇಕಿಲ್ಲ. 5 ಮಂದಿಯನ್ನು ಗಮನಿಸಿದರೆ ಸುಮಾರು ಶೇ. 85ರಷ್ಟು ತೊಡಕುಗಳು ಬಯಲಾಗುತ್ತವೆ ಎಂಬುದು ಯುಎಕ್ಸ್ ತಜ್ಞ ಜೇಕಬ್ ನೀಲ್ಸನ್ ಅವರ ಪ್ರಸಿದ್ಧ ಅಂದಾಜು. ಬಳಸುವವರು ಒಂದೇ ಬಗೆಯವರಾಗಿದ್ದಾಗ ಮಾತ್ರ ಅದು ಸಲ್ಲುತ್ತದೆ ಎಂಬ ಷರತ್ತನ್ನು ಅನೇಕ ಕೋರ್ಸುಗಳು ಹೇಳದೆ ಬಿಡುತ್ತವೆ.

ಉದ್ಯೋಗಸ್ಥರಿಗೆ ಕಲಿಸುವಲ್ಲಿ ಇನ್ನೊಂದು ಇಕ್ಕಟ್ಟಿದೆ. ಅವರಿಗೆ ಚೆನ್ನಾಗಿ ಗೊತ್ತಿರುವುದು ತಮ್ಮ ಕಂಪನಿಯ ಕೆಲಸವೇ ಆದರೂ ಗೋಪ್ಯತೆಯ ಕರಾರಿನಿಂದಾಗಿ ಅದನ್ನು ತರಗತಿಯಲ್ಲಿ ತೋರಿಸುವಂತಿಲ್ಲ. ಆದ್ದರಿಂದ ಯಾರ ಕಂಪನಿಗೂ ಸೇರದ, ಎಲ್ಲರೂ ಹೋಗಿ ನೋಡಬಹುದಾದ ವಸ್ತುವನ್ನು ಅಭ್ಯಾಸಕ್ಕೆ ಕೊಡಬೇಕು. ಬಿಂಕದಕಟ್ಟಿಯ ಮೃಗಾಲಯವನ್ನೇ ತೆಗೆದುಕೊಂಡರೆ, ಮುಂಡರಗಿಯಿಂದ ಬಸ್ಸಿನಲ್ಲಿ ಮಕ್ಕಳೊಂದಿಗೆ ಹೊರಡುವ ಕುಟುಂಬಕ್ಕೆ ವಾರದ ರಜೆ ಯಾವಾಗ, ಟಿಕೆಟ್ ಎಷ್ಟು, ಒಳಗೆ ಕುಡಿಯುವ ನೀರು ಎಲ್ಲಿ ಎಂಬಿಷ್ಟು ಮನೆ ಬಿಡುವ ಮೊದಲೇ ತಿಳಿಯುವಂತೆ ಒಂದೇ ಮೊಬೈಲ್ ಪುಟವನ್ನು ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ರೂಪಿಸುವುದು ಒಂದು ವಾರದ ಅಭ್ಯಾಸವಾಗಬಲ್ಲದು. ಆ ಹಾಳೆಯ ಫೋಟೊ ಕಳಿಸಿದರೆ ಸಾಕು. ಫಿಗ್ಮಾದಂಥ ವಿನ್ಯಾಸದ ಸಾಫ್ಟ್‌ವೇರ್ ಆಮೇಲೆ ಬರಲಿ.

ಕೋರ್ಸಿನ ಜೀವಾಳವೆಂದರೆ ಇಂಥ ಹಾಳೆಗಳನ್ನು ಮುಂದಿಟ್ಟುಕೊಂಡು ಆರೇಳು ಮಂದಿಯ ಗುಂಪಿನಲ್ಲಿ ಆನ್‌ಲೈನ್‌ನಲ್ಲಿ ನೇರವಾಗಿ ನಡೆಯುವ ವಿಮರ್ಶೆ. ಅಲ್ಲಿ ‘ಚೆನ್ನಾಗಿದೆ’ ಎಂಬ ಮಾತಿಗೆ ಅಂಕವಿಲ್ಲ; ಯಾರು, ಯಾವ ಹಂತದಲ್ಲಿ, ಏನನ್ನು ಹುಡುಕಿ ಸೋತರು ಎಂದು ಹೇಳಲೇಬೇಕು. ಕೆಲಸದ ಸಂದರ್ಶನದಲ್ಲಿ ನುರಿತ ವಿನ್ಯಾಸಕರು ಪ್ರಮಾಣಪತ್ರಕ್ಕಿಂತ ಪೋರ್ಟ್‌ಫೋಲಿಯೊವನ್ನು, ಅಂದರೆ ಮಾಡಿದ ಕೆಲಸಗಳ ಕಡತವನ್ನು, ಹೆಚ್ಚಾಗಿ ನೋಡುವುದರಿಂದ, ಈ ವಿಮರ್ಶೆಯ ಟಿಪ್ಪಣಿಗಳನ್ನೂ ಕೈಬಿಟ್ಟ ಕರಡುಗಳನ್ನೂ ಅದರಲ್ಲಿ ಸೇರಿಸುವುದನ್ನು ಮೊದಲ ವಾರದಿಂದಲೇ ರೂಢಿಸಬೇಕಾಗುತ್ತದೆ.