ನೆರೆ, ನರೆ, ಮುಪ್ಪು: ಸ್ತ್ರೀಯ ವಯೋವಾಚಕ ಪದಗಳು

ಸ್ತ್ರೀಯು ಪ್ರಾಯಕ್ಕೆ ಬರುವುದನ್ನು ಹೇಳಲು ಕನ್ನಡದಲ್ಲಿ ಆಕೆಗೇ ಮೀಸಲಾದ ಮಾತುಗಳುಂಟು; ಮುಪ್ಪಡರುವುದನ್ನು ಹೇಳಲು ಅಂತಹವಿಲ್ಲ. ‘ಮೈನೆರೆದಳು’ ಎಂಬುದು ಕನ್ಯೆಗೆ ಮಾತ್ರ ಸಲ್ಲುವ ಮಾತು. ರಾಯಚೂರು ಸೀಮೆಯ ಆಡುನುಡಿಯ ‘ದೊಡ್ಡಾಕಿ ಆದಳು’ ಎಂಬುದಕ್ಕೂ ಅದೇ ಅರ್ಥ. ‘ದೊಡ್ಡವನಾದನು’ ಎಂದರೆ ಹುಡುಗನು ಬೆಳೆದನೆಂದಷ್ಟೇ ಭಾವ.

ವಾರ್ಧಕ್ಯದಲ್ಲಿ ಈ ಭೇದವು ಅಳಿಯುತ್ತದೆ. ‘ಮುದುಕ’, ‘ಮುದುಕಿ’, ‘ಮುಪ್ಪು’ ಇವೆಲ್ಲವೂ ‘ಮುದು’ ಎಂಬ ಒಂದೇ ಮೂಲದವು. ತಮಿಳಿನಲ್ಲಿಯೂ ಇದರ ಸಜಾತೀಯ ರೂಪಗಳಿವೆ. ‘ಮುದುಕಿಯಾದಳು’ ಎಂಬಲ್ಲಿ ಸ್ತ್ರೀತ್ವವನ್ನು ತೋರುವವು ಪ್ರತ್ಯಯಗಳೇ ಹೊರತು ಧಾತುವಲ್ಲ. ‘ಅವಳಿಗೆ ವಯಸ್ಸಾಯಿತು’ ಎಂಬಲ್ಲಿಯಾದರೋ ಆಕೆಯು ಕರ್ತೃವೂ ಅಲ್ಲ. ಆಕೆ ಚತುರ್ಥೀ ವಿಭಕ್ತಿಯಲ್ಲಿ ನಿಲ್ಲುತ್ತಾಳೆ, ಕ್ರಿಯಾಪದವು ವಯಸ್ಸನ್ನನುಸರಿಸಿ ನಪುಂಸಕವಾಗುತ್ತದೆ.

ಪಾಠ ಹೇಳುವವರು ಎಚ್ಚರವಹಿಸಬೇಕಾದ ಸ್ಥಳವೊಂದುಂಟು. ತುಂಬು, ಪೂರ್ಣವಾಗು ಎಂಬರ್ಥದ ‘ನೆರೆ’ ಬೇರೆ. ಕೂದಲು ಬೆಳ್ಳಗಾಗು ಎಂಬರ್ಥದ ‘ನರೆ’ ಬೇರೆ. ತಮಿಳಿನ ‘ನರೈ’ ಎಂಬುದು ಎರಡನೆಯದಕ್ಕೆ ಸಾಕ್ಷಿ. ಆದರೆ ಬಳಕೆಯಲ್ಲಿ ‘ನೆರೆಗೂದಲು’ ಎಂಬ ರೂಪವೂ ನೆಲೆಗೊಂಡಿದೆ. ಮುಪ್ಪನ್ನು ವರ್ಣಿಸುವ ಬಸವಣ್ಣನವರ ಪ್ರಸಿದ್ಧ ವಚನದ ಮುದ್ರಿತ ಪಾಠಗಳಲ್ಲಿಯೂ ‘ನೆರೆ’ ಎಂದೇ ಇದೆ. ಹೀಗೆ ಹರೆಯದ ಮೊದಲನ್ನೂ ಮುಪ್ಪಿನ ಮೊದಲನ್ನೂ ಒಂದೇ ರೂಪವು ಸೂಚಿಸುವಂತಾಗಿದೆ. ‘ಮೈ’ಯೊಡನೆ ಬಂದಿತೋ ‘ತಲೆ’ಯೊಡನೆ ಬಂದಿತೋ ಎಂಬುದನ್ನು ನೋಡದೆ ಅರ್ಥ ಹೇಳಿದರೆ ಬಾಲೆಯು ವೃದ್ಧೆಯಾಗಿಬಿಡುವಳು.

ಇನ್ನು ಗೌರವದ ವಿಚಾರ. ಜಡವಸ್ತುವು ‘ಹಳೆಯದು’, ‘ಮುದಿ’ ಎಂಬುದು ಜೀವವುಳ್ಳದ್ದಕ್ಕೆ ಸಲ್ಲುತ್ತದೆ, ಮುದಿಯೆತ್ತು ಎಂಬಂತೆ. ‘ಹಳಬಳು’ ಎಂದರೆ ಬಹುಕಾಲದಿಂದ ಇದ್ದವಳೇ ಹೊರತು ವೃದ್ಧೆಯೇ ಆಗಬೇಕಾಗಿಲ್ಲ. ಮಾನವಿ ಸೀಮೆಯ ಹಿರೇಕೊಟ್ನೆಕಲ್ ಎಂಬ ಊರ ಹೆಸರಿನಲ್ಲಿರುವ ‘ಹಿರಿ’ ಶಬ್ದವಾದರೋ ಊರಿಗೂ ವ್ಯಕ್ತಿಗೂ ಸಮನಾಗಿ ಒಪ್ಪುತ್ತದೆ. ‘ಹಿರಿಯಳು’ ಎಂಬಲ್ಲಿ ವಯಸ್ಸು ಮನ್ನಣೆಯಾಗುತ್ತದೆ. ಎದುರಿಗಿರುವವಳನ್ನು ‘ಮುದುಕಿ’ ಎಂದು ಕರೆದರೆ ಅವಮಾನ. ‘ಅಜ್ಜಿ’ ಎಂದರೆ ಆದರ. ಆದರೂ ಅದೇ ‘ಮುದು’ ಮೂಲವು ‘ಮುತ್ತಜ್ಜಿ’ ಎಂಬಲ್ಲಿ ಬಂಧುತ್ವದೊಡನೆ ಸೇರಿ ಪೂಜ್ಯತೆಯನ್ನು ಉಳಿಸಿಕೊಂಡಿದೆ. ಆದುದರಿಂದ ಹೀನಾರ್ಥವು ಧಾತುವಿನ ಸಹಜಗುಣವಲ್ಲ, ಪ್ರಯೋಗದಿಂದ ಬಂದುದು. ನಿಘಂಟುಕಾರರು ‘ಮುದುಕಿ’ ಶಬ್ದಕ್ಕೆ ‘ವೃದ್ಧೆ’ ಎಂದಷ್ಟೇ ಬರೆದು ನಿಲ್ಲಿಸದೆ, ಯಾರು ಯಾರಿಗೆ ಆ ಮಾತನ್ನು ಆಡಬಹುದೆಂಬುದನ್ನೂ ಸೂಚಿಸುವುದು ಯುಕ್ತ.