ಮಾತೇ ಬಂಡವಾಳ: ತೆರೆಯ ಮೇಲಿನ ಠಕ್ಕನನ್ನು ಕಂಡು ನಾವೇಕೆ ನಗುತ್ತೇವೆ?



ನೆರೆಮನೆಯವರು ಯಾರದೋ ಮಾತು ನಂಬಿ ಹಣ ಕಳೆದುಕೊಂಡರೆ ನಮಗೆ ಮರುಕ ಹುಟ್ಟುತ್ತದೆ. ಅದೇ ಮೋಸ ಹಾಸ್ಯಚಿತ್ರದಲ್ಲಿ ನಡೆದರೆ ಹೊಟ್ಟೆ ಹುಣ್ಣಾಗುವಂತೆ ನಗುತ್ತೇವೆ. ಅಷ್ಟೇ ಅಲ್ಲ, ಮೋಸ ಮಾಡಿದವನನ್ನೇ ಮೆಚ್ಚಿಕೊಳ್ಳುತ್ತೇವೆ. ಹೀಗೇಕೆ? ಇದನ್ನು ತಿಳಿಯಲು 1935ನೇ ಇಸವಿಯ ಎರಡು ಚಿತ್ರಗಳನ್ನು ನೋಡೋಣ. ಒಂದು ಅಮೆರಿಕದ್ದು, ಇನ್ನೊಂದು ಕನ್ನಡದ್ದು.

ಕಷ್ಟಕಾಲದ ನಗೆ

1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಜಗತ್ತಿನ ಆರ್ಥಿಕ ಮಹಾಕುಸಿತ ಆರಂಭವಾಯಿತು. 1933ರ ಹೊತ್ತಿಗೆ ಅಲ್ಲಿ 4000ಕ್ಕೂ ಹೆಚ್ಚು ಬ್ಯಾಂಕುಗಳು ಬಾಗಿಲು ಹಾಕಿದ್ದವು. ದುಡಿಯಬಲ್ಲ ಪ್ರತಿ ನಾಲ್ವರಲ್ಲಿ ಸುಮಾರು ಒಬ್ಬನಿಗೆ ಕೆಲಸವಿರಲಿಲ್ಲ. ಭಾರತಕ್ಕೂ ಇದರ ಬಿಸಿ ತಟ್ಟಿತು. 1928ರಿಂದ 1934ರ ನಡುವೆ ನಮ್ಮಲ್ಲಿ ಗೋಧಿಯ ಬೆಲೆ ಅರ್ಧಕ್ಕೆ ಇಳಿಯಿತು. ಇಂಥ ಕಾಲದಲ್ಲಿ ಜನ ಚಿತ್ರಮಂದಿರಕ್ಕೆ ಹೋಗಿ ನಕ್ಕರು. ಅವರನ್ನು ನಗಿಸಿದವರಲ್ಲಿ ಮಾರ್ಕ್ಸ್ ಸಹೋದರರು ಪ್ರಮುಖರು. ಅವರಲ್ಲಿ ಮಾತಿನ ಮಲ್ಲನೆಂದರೆ ಗ್ರೌಚೊ ಮಾರ್ಕ್ಸ್. ಬಣ್ಣದಿಂದ ಬಳಿದ ದಪ್ಪ ಮೀಸೆ, ಕೈಯಲ್ಲಿ ಚುಟ್ಟಾ, ಬಾಗಿದ ಓಟದ ನಡಿಗೆ, ಬಾಯಿಗೆ ಬಿಡುವೇ ಇಲ್ಲ.

'ಎ ನೈಟ್ ಅಟ್ ದಿ ಒಪೆರಾ' ಚಿತ್ರದಲ್ಲಿ ಅವನ ಹೆಸರು ಓಟಿಸ್ ಬಿ. ಡ್ರಿಫ್ಟ್‌ವುಡ್. ಶ್ರೀಮಂತ ವಿಧವೆಯೊಬ್ಬಳನ್ನು ಪ್ರತಿಷ್ಠಿತರ ವಲಯಕ್ಕೆ ಸೇರಿಸುತ್ತೇನೆಂದು ನಂಬಿಸಿ, ಸಂಗೀತನಾಟಕ ಕಂಪನಿಯೊಂದಕ್ಕೆ ಅವಳಿಂದ ಹಣ ಹಾಕಿಸುವುದು ಅವನ ಕಸುಬು. ಹಾಡುಗಾರನೊಬ್ಬನಿಗೆ ಒಂದು ರಾತ್ರಿಗೆ 1000 ಡಾಲರ್ ಸಿಗಲಿದೆ ಎಂದು ತಿಳಿದ ಕೂಡಲೇ, ಅವನನ್ನು 10 ಡಾಲರಿಗೆ ಒಪ್ಪಿಸಿ ಉಳಿದದ್ದನ್ನು ತಾನೇ ಜೇಬಿಗಿಳಿಸಲು ಕರಾರುಪತ್ರ ಹಿಡಿದು ಹೊರಡುತ್ತಾನೆ. ಅಲ್ಲಿ ಎದುರಾಗುವವನು ಫಿಯೊರೆಲ್ಲೊ, ಇನ್ನೊಬ್ಬ ಮಾತಿನ ಮಲ್ಲ. ಕರಾರಿನ ಭಾಷೆ ಎಷ್ಟು ಜಟಿಲವೆಂದರೆ ಓದುವವನಿಗೂ ಅರ್ಥವಾಗದು, ಕೇಳುವವನಿಗೂ ಅರ್ಥವಾಗದು. ಒಪ್ಪಿಗೆಯಾಗದ ಒಂದೊಂದು ಕಲಮನ್ನೂ ಇಬ್ಬರೂ ಹರಿದು ಬಿಸಾಡುತ್ತಾ ಹೋಗುತ್ತಾರೆ. ಕೊನೆಗೆ ಕೈಯಲ್ಲಿ ಉಳಿಯುವುದು ಕಾಗದದ ಒಂದು ಪಟ್ಟಿ ಮಾತ್ರ. ಸಹಿ ಹಾಕಬೇಕಾದವನಿಗೆ ಬರೆಯಲು ಬಾರದು. ಕೊಟ್ಟ ಪೆನ್ನಿನಲ್ಲಿ ಮಸಿಯೂ ಇಲ್ಲ! ಇಷ್ಟಾಗಿಯೂ ಅವರು ಮಾತಾಡುತ್ತಿದ್ದ ಹಾಡುಗಾರ ಬೇರೆಯವನೇ.

ದೊಡ್ಡ ದೊಡ್ಡ ಕಾಗದಗಳನ್ನು ನಂಬಿ ಸರ್ವಸ್ವ ಕಳೆದುಕೊಂಡಿದ್ದ ಜನರಿಗೆ ಆ ಕಾಗದ ಹರಿಯುವ ಸದ್ದು ಎಷ್ಟು ಹಿತವಾಗಿದ್ದಿರಬೇಕು! ಡ್ರಿಫ್ಟ್‌ವುಡ್ ಗೆಲ್ಲುವ ಠಕ್ಕನೂ ಅಲ್ಲ. ಮುಂದೆ ಕೆಲಸ ಕಳೆದುಕೊಂಡು ಉದ್ಯಾನದ ಬೆಂಚಿನ ಮೇಲೆ ಕೂರುತ್ತಾನೆ. ನೋಡುವವರಿಗೆ ಅವನು ತಮ್ಮಲ್ಲೊಬ್ಬನೆನಿಸಿದರೆ ಆಶ್ಚರ್ಯವಿಲ್ಲ.

ನಮ್ಮ ಕಳ್ಳ

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡದ್ದು 1934ರಲ್ಲಿ. ಮರುವರ್ಷ ಬಂದದ್ದು 'ಸದಾರಮೆ'. ರಾಜಾ ಚಂದ್ರಶೇಖರ್ ನಿರ್ದೇಶಿಸಿದ ಈ ಚಿತ್ರದಲ್ಲಿ ಗುಬ್ಬಿ ವೀರಣ್ಣನವರು ಅಭಿನಯಿಸಿದರು. ಅದಕ್ಕೂ ಮೊದಲೇ ಬೆಳ್ಳಾವೆ ನರಹರಿ ಶಾಸ್ತ್ರಿಗಳ 'ಸದಾರಮೆ' ನಾಟಕ ಗುಬ್ಬಿ ಕಂಪನಿಗೆ ಹೆಸರು ತಂದಿತ್ತು. ರಂಗದ ಮೇಲೆ ವೀರಣ್ಣನವರ ಕಳ್ಳನ ಪಾತ್ರ ಮನೆಮಾತಾಗಿತ್ತು.

ಈ ಕಳ್ಳ ಕನ್ನ ಕೊರೆಯುವವನಲ್ಲ. ಅವನ ಆಯುಧ ನಾಲಗೆ. ಮರುಳುಮಾತಿನಿಂದ ನಂಬಿಸಿ ಸದಾರಮೆಯನ್ನೇ ಕರೆದೊಯ್ಯುತ್ತಾನೆ. ಆದರೆ ಅವಳು ಅಳುತ್ತಾ ಕೂರುವುದಿಲ್ಲ. ಅವನನ್ನು ಒಪ್ಪಿದಂತೆ ನಟಿಸಿ, ಹೊತ್ತು ಗಳಿಸಿ, ಅವನಿಗಿಂತ ಜಾಣ ಮಾತಿನಿಂದ ಅವನನ್ನೇ ಮರುಳುಮಾಡಿ ಪಾರಾಗುತ್ತಾಳೆ. ಜನ ಕಳ್ಳನ ಮಾತಿಗೆ ನಕ್ಕರು, ಸದಾರಮೆಯ ಜಾಣತನಕ್ಕೆ ಚಪ್ಪಾಳೆ ತಟ್ಟಿದರು.

ನಗುವಿನ ಗುಟ್ಟು

ಈಗ ಮೊದಲಿನ ಪ್ರಶ್ನೆಗೆ ಬರೋಣ. 'ಎ ನೈಟ್ ಅಟ್ ದಿ ಒಪೆರಾ' ಚಿತ್ರೀಕರಣಕ್ಕೆ ಮೊದಲು ಅದರ ಹಾಸ್ಯ ದೃಶ್ಯಗಳನ್ನು ಊರೂರಿನ ರಂಗಮಂದಿರಗಳಲ್ಲಿ ಆಡಿ ನೋಡಿದರು. ಜನ ಎಲ್ಲಿ ನಗುತ್ತಾರೆ, ಎಷ್ಟು ಹೊತ್ತು ನಗುತ್ತಾರೆ ಎಂದು ಗಮನಿಸಿ, ಅದಕ್ಕೆ ತಕ್ಕಂತೆ ಮಾತುಗಳ ನಡುವೆ ಬಿಡುವು ಹೊಂದಿಸಿದರು. ದಿನವೂ ಪ್ರೇಕ್ಷಕರ ಮುಂದೆ ನಿಲ್ಲುತ್ತಿದ್ದ ನಮ್ಮ ಕಂಪನಿ ನಾಟಕಗಳ ಹಾಸ್ಯನಟರಿಗೂ ಈ ಲೆಕ್ಕ ಗೊತ್ತಿತ್ತು.

ಆ ಬಿಡುವು ಯಾರಿಗೆ ಸಿಗುತ್ತದೆ, ಗಮನಿಸಿ. ನೋಡುವ ನಮಗೆ ಸಿಗುತ್ತದೆ. ಮೋಸಹೋಗುವ ಪಾತ್ರಕ್ಕೆ ಸಿಗುವುದಿಲ್ಲ. ಠಕ್ಕನ ನಿಜವಾದ ಬಂಡವಾಳ ಸುಳ್ಳಲ್ಲ, ವೇಗ. ಒಂದು ಮಾತನ್ನು ತೂಗಿ ನೋಡುವಷ್ಟರಲ್ಲಿ ಅವನು ನಾಲ್ಕನೆಯ ಮಾತಿಗೆ ಹೋಗಿರುತ್ತಾನೆ. ನಡುವೆ ಒಂದಿಷ್ಟು ಹೊಗಳಿಕೆ, ಒಂದು ದೊಡ್ಡ ಹೆಸರು, 'ಈಗಲೇ ಆಗಬೇಕು' ಎಂಬ ಅವಸರ. ನಮಗೆ ಯೋಚಿಸಲು ಹೊತ್ತಿದೆ, ಆದ್ದರಿಂದ ನಗುತ್ತೇವೆ. ಹೊತ್ತಿಲ್ಲದವನು ಮೋಸಹೋಗುತ್ತಾನೆ. ಬುದ್ಧಿವಂತನೂ ಮೋಸಹೋಗುವುದು ಇದರಿಂದಲೇ.

ತೆರೆಯಿಂದ ಇಳಿದು ಬಂದರೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಓದುಗರಿಗೆ ಇದು ಬರಿಯ ಸಿನಿಮಾದ ಮಾತಲ್ಲ. ಪದವಿ ಮುಗಿಸಿದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ವಾಡಿ ಜಂಕ್ಷನ್ನಿನಲ್ಲಿ ಗಾಡಿಗೆ ಕಾಯುತ್ತಿದ್ದಾನೆ. ಪರಿಚಯವಾದವನೊಬ್ಬ ಸಿಮೆಂಟ್ ಕಾರ್ಖಾನೆಯಲ್ಲಿ ನೌಕರಿ ಕೊಡಿಸುತ್ತೇನೆ ಎನ್ನುತ್ತಾನೆ. ಸಾಹೇಬರು ತನಗೆ ಬೇಕಾದವರು, ಒಂದೇ ಜಾಗ ಉಳಿದಿದೆ, ಮುಂಗಡ ಇವತ್ತೇ ಕೊಡಬೇಕು. ಹೊಗಳಿಕೆ, ದೊಡ್ಡ ಹೆಸರು, ಅವಸರ: ಮೂರೂ ಇವೆ. ಮನೆಯಲ್ಲಿ ತೊಗರಿ ಮಾರಿ ಬಂದ ಹಣವಿದೆ. ಇಲ್ಲಿ ನಗಲು ಯಾರೂ ಕೂತಿಲ್ಲ.

ಇಂದು ಇದೇ ಠಕ್ಕ ಫೋನಿನಲ್ಲಿ ಬರುತ್ತಾನೆ. ಪೊಲೀಸ್ ಅಧಿಕಾರಿಯೆಂದು ಹೇಳಿಕೊಂಡು 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸುತ್ತಾನೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಅವನು ಮೊದಲು ಹೇಳುವುದು 'ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ' ಎಂದು. ಕಾರಣ ಈಗ ನಿಮಗೆ ಗೊತ್ತು. ಫೋನ್ ಇಟ್ಟರೆ ನಿಮಗೆ ಹೊತ್ತು ಸಿಗುತ್ತದೆ. ಹಣ ಹೋಗಿದ್ದರೆ ನಾಚಿಕೊಂಡು ಕೂರದೆ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಇಲ್ಲಿಯೂ ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಇದಕ್ಕೆ ಮದ್ದು ನಮ್ಮ ಜನಪದ ರಂಗದಲ್ಲೇ ಇದೆ. ದೊಡ್ಡಾಟ ನೋಡಿದವರಿಗೆ ಸಾರಥಿ ಗೊತ್ತು. ರಾಜನೇ ಬರಲಿ, ರಾಕ್ಷಸನೇ ಬರಲಿ, ಎಷ್ಟೇ ಅಬ್ಬರದಿಂದ ಕುಣಿದು ಬರಲಿ, ಸಾರಥಿ ಅವನನ್ನು ತಡೆದು ಕೇಳುತ್ತಾನೆ: ತಾವು ಯಾರು? ಯಾವ ಊರು? ಬಂದ ಕಾರಣವೇನು? ಉತ್ತರ ಬರುವವರೆಗೆ ಆಟ ಮುಂದೆ ಸಾಗದು. ಮಾತಿನ ಮಲ್ಲ ಎದುರಾದಾಗ ನಾವೂ ಈ ಮೂರು ಪ್ರಶ್ನೆ ಕೇಳೋಣ. ಉತ್ತರವನ್ನು ಮನೆಯವರೊಡನೆ ಕೂತು ಒಂದು ರಾತ್ರಿ ಯೋಚಿಸೋಣ. ನಿಜವಾದ ನೌಕರಿ ಒಂದು ರಾತ್ರಿ ಕಾಯುತ್ತದೆ. ಠಕ್ಕನಿಗೆ ಮಾತ್ರ ಕಾಯಲು ಆಗುವುದಿಲ್ಲ.